ಎಂಟು ದಶಕದ ಕಂಠದಾನ

1921ರ ಸೆಪ್ಟೆಂಬರ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಕಾರ್ಖಾನೆಯಿಂದ ಡಬ್ಲ್ಯುಬಿಝಡ್ ಎಂಬ ಬಾನುಲಿ ಕೇಂದ್ರ ಮಾತಾಡತೊಡಗಿತು. ಮಾತಿಗೆ ಮುಖ ಬೇಕಿಲ್ಲದ ಕಾಲವೊಂದು ಹಾಗೆ ತೆರೆದುಕೊಂಡಿತು. ಅದೇ ಊರಿನ ಫೋರರ್ ಮನೆಯಲ್ಲಿ ಆ ತಿಂಗಳ 18ಕ್ಕೆ ನಾಲ್ಕು ತುಂಬಿದ ಮಗಳೊಬ್ಬಳಿದ್ದಳು. ಹೆಸರು ಜೂನ್ ಲೂಸಿಲ್. ತಂದೆ ಮಾರಿಸ್, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಿಂದ ವಲಸೆ ಬಂದ ಯಹೂದಿ. ತಾಯಿ ಐಡಾ. ಮಗಳು ನರ್ತಕಿಯಾಗಬೇಕೆಂದಳು, ಪಾಠಕ್ಕೆ ಹಾಕಿದರು. ನ್ಯುಮೋನಿಯಾ ಬಂದು ಆ ದಾರಿ ಮುಚ್ಚಿತು. ಕಾಲು ಕೈಬಿಟ್ಟ ಕೆಲಸವನ್ನು ಕಂಠ ವಹಿಸಿಕೊಂಡಿತು. ಹನ್ನೆರಡನೆಯ ವಯಸ್ಸಿಗೆ ಬಾಲಕಿಯ ದನಿ ಊರಿನ ರೇಡಿಯೊ ನಾಟಕವೊಂದರಲ್ಲಿ ಕೇಳಿಸಿತು. ಹದಿನೈದಕ್ಕೆ ಅದೇ ಅವಳ ನಿತ್ಯದ ಕಸುಬಾಯಿತು.

ಮುಂದೆ ಈ ಹುಡುಗಿ ಜೂನ್ ಫೋರೆ ಎಂಬ ಹೆಸರಿಟ್ಟುಕೊಂಡು, ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಅಳಿಲಾಗಿ, ಬೆಕ್ಕಾಗಿ, ಗೂಢಚಾರಿಣಿಯಾಗಿ, ಅಜ್ಜಿಯಾಗಿ, ಮಾಟಗಾತಿಯಾಗಿ, ಗೊಂಬೆಯಾಗಿ ಮಾತಾಡಿದಳು. ಆಕೆಯ ದನಿ ಕೇಳದೆ ಬೆಳೆದ ಅಮೆರಿಕದ ಮಕ್ಕಳು ವಿರಳ. ಆಕೆಯ ಹೆಸರು ಕೇಳಿ ಬೆಳೆದವರು ಅದಕ್ಕಿಂತಲೂ ವಿರಳ. ಪರದೆಗೆ ದನಿ ಕೊಡುವುದನ್ನು ಕನ್ನಡದಲ್ಲಿ ಕಂಠದಾನ ಎನ್ನುತ್ತೇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬುದು ದಾನದ ನೀತಿ. ಆದರೆ ಆ ಕಾಲದ ಸ್ಟುಡಿಯೊಗಳು ಈ ನೀತಿಯನ್ನು ಕೊಟ್ಟವರ ಮೇಲೆ ತಾವೇ ಹೇರಿದ್ದವು.

ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಎಂಜಿನಿಯರ್ ಆಗಿದ್ದ ಮಾರಿಸ್ ಫೋರರ್ ಕೈ ಖಾಲಿಯಾಯಿತು. ಸಂಸಾರ ಗಂಟುಮೂಟೆ ಕಟ್ಟಿ, ತಾಯಿಯ ಸೋದರನಿದ್ದ ಲಾಸ್ ಏಂಜಲೀಸಿಗೆ ಹೊರಟಿತು. ಹದಿನೇಳರ ಹರೆಯದ ಜೂನ್ ಹೈಸ್ಕೂಲು ಮುಗಿಸಿದ್ದಳಷ್ಟೆ. ಆಗ ಆ ನಗರ ಚಲನಚಿತ್ರಕ್ಕೆ ಹೇಗೋ ಹಾಗೆ ರೇಡಿಯೊಗೂ ರಾಜಧಾನಿಯಾಗುತ್ತಿತ್ತು. ಮೂವತ್ತರ ದಶಕ ಮುಗಿಯುವುದರೊಳಗೆ ಆಕೆಯದೇ ಒಂದು ಮಕ್ಕಳ ಕಾರ್ಯಕ್ರಮ ನಡೆಯುತ್ತಿತ್ತು. ಹೆಸರು ‘ಲೇಡಿ ಮೇಕ್ ಬಿಲೀವ್’. ಕತೆ ಬರೆಯುವವಳೂ ತಾನೇ, ಹೇಳುವವಳೂ ತಾನೇ.

ಆ ಕಾಲದ ರೇಡಿಯೊ ಎಂದರೆ ನೇರಪ್ರಸಾರ. ತಪ್ಪಿದರೆ ತಿದ್ದುವ ಉಪಾಯವಿಲ್ಲ. ಕಲಾವಿದರು ಕೈಯಲ್ಲಿ ಹಾಳೆ ಹಿಡಿದು ಮೈಕಿನ ಮುಂದೆ ನಿಲ್ಲುತ್ತಿದ್ದರು; ಹಾಳೆಯ ಸರಪರ ಸದ್ದು ಕೂಡ ಊರೂರಿಗೆ ಕೇಳಿಸುತ್ತಿತ್ತು. ಪಕ್ಕದಲ್ಲಿ ಒಬ್ಬ ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ ಓಡುತ್ತಿತ್ತು. ಒಬ್ಬಳೇ ನಟಿ ಅರ್ಧ ಗಂಟೆಯಲ್ಲಿ ಮಗುವೂ ಮುದುಕಿಯೂ ಆಗಬೇಕಿತ್ತು. ವೇಷವಿಲ್ಲ, ಬಣ್ಣವಿಲ್ಲ, ಮೈಕಿಗೆ ಒಂದು ಗೇಣು ಹತ್ತಿರ ಸರಿದರೆ ಗುಟ್ಟು, ಒಂದು ಮಾರು ಹಿಂದೆ ಸರಿದರೆ ಪಕ್ಕದ ಕೋಣೆ. ಐದಡಿಗೆ ಒಂದಿಂಚು ಕಡಿಮೆ ಎತ್ತರದ ಈ ಹೆಣ್ಣುಮಗಳಿಗೆ ಬೆಳ್ಳಿತೆರೆಯ ನಾಯಕಿಯಾಗುವ ಯೋಗ ಬರಲಿಲ್ಲ. ಆದರೆ ಮೈಕು ಯಾರ ಎತ್ತರವನ್ನೂ ಅಳೆಯುವುದಿಲ್ಲ. ನಲವತ್ತರ ದಶಕದಲ್ಲಿ ಸ್ಟೀವ್ ಆ್ಯಲನ್ ಜೊತೆ ‘ಸ್ಮೈಲ್ ಟೈಮ್’, ಐವತ್ತರಲ್ಲಿ ವಿಡಂಬನಕಾರ ಸ್ಟ್ಯಾನ್ ಫ್ರೀಬರ್ಗ್ ಜೊತೆ ಹಾಸ್ಯದ ಧ್ವನಿಮುದ್ರಿಕೆಗಳು, ನಡುವೆ ಕ್ಯಾಪಿಟಲ್ ರೆಕಾರ್ಡ್ಸ್ ಹೊರತಂದ ಮಕ್ಕಳ ಕತೆಯ ತಟ್ಟೆಗಳು. ಹೀಗೆ ಆ ಕಂಠ ಹದಗೊಂಡಿತು.

ವ್ಯಂಗ್ಯಚಿತ್ರಗಳ ಲೋಕ ಆಕೆಯನ್ನು ಕರೆದದ್ದು ಮಾತಿಗಾಗಿಯಲ್ಲ, ಮಿಯಾಂವ್‌ಗಾಗಿ. ವಾಲ್ಟ್ ಡಿಸ್ನಿಯ ಸ್ಟುಡಿಯೊದವರು ಬೆಕ್ಕಿನ ದನಿ ಬರುತ್ತದೆಯೇ ಎಂದು ಕೇಳಿದರಂತೆ. ಏನು ಬೇಕಾದರೂ ಬರುತ್ತದೆ ಎಂದರಂತೆ ಈಕೆ. 1950ರ ‘ಸಿಂಡರೆಲ್ಲಾ’ದಲ್ಲಿ ಇಲಿಗಳ ಪ್ರಾಣ ಹಿಂಡುವ ಲೂಸಿಫರ್ ಎಂಬ ಕೊಬ್ಬಿದ ಬೆಕ್ಕಿನ ಗುರುಗುಟ್ಟುವಿಕೆ ಜೂನ್ ಫೋರೆಯದು. ಎರಡು ವರ್ಷದ ಮೇಲೆ ಅದೇ ಸ್ಟುಡಿಯೊದ ‘ಟ್ರಿಕ್ ಆರ್ ಟ್ರೀಟ್’ ಎಂಬ ಕಿರುಚಿತ್ರದಲ್ಲಿ ಡೊನಾಲ್ಡ್ ಡಕ್‌ಗೆ ಪಾಠ ಕಲಿಸುವ ಮಾಟಗಾತಿ ಹೇಜಲ್ ಆದರು. 1952ರ ಈ ಮಾಟಗಾತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಕಥನ ಮುಗಿಯುವುದೂ ಮಾಟಗಾತಿಯೊಬ್ಬಳಿಂದಲೇ.

ಆ ಕಿರುಚಿತ್ರ ನೋಡಿ ಮನಸೋತವರಲ್ಲಿ ಎದುರಾಳಿ ಪಾಳೆಯದ ನಿರ್ದೇಶಕರೊಬ್ಬರಿದ್ದರು: ವಾರ್ನರ್ ಬ್ರದರ್ಸ್‌ನ ಚಕ್ ಜೋನ್ಸ್. ಅಂಥದೇ ಮಾಟಗಾತಿ, ಅದೇ ಹೆಸರು, ಅದೇ ನಟಿ ತನಗೂ ಬೇಕೆಂದರು. ಡಿಸ್ನಿಯವರ ಸೊತ್ತನ್ನು ಹಾಗೆ ಎತ್ತಿಕೊಳ್ಳಬಹುದೇ ಎಂದು ಫೋರೆಗೆ ಅನುಮಾನ. ಆದರೆ ಮಾಟಗಾತಿಯ ಇಂಗ್ಲಿಷ್ ಹೆಸರಾದ ವಿಚ್ ಹೇಜಲ್ ಎಂಬುದು ಮೊದಲಿಗೆ ಒಂದು ಗಿಡದ ಹೆಸರು. ಅದರ ತೊಗಟೆಯ ರಸ ಚರ್ಮಕ್ಕೆ ಹಚ್ಚುವ ಔಷಧಿಯಾಗಿ ಅಮೆರಿಕದ ಔಷಧಿ ಅಂಗಡಿಗಳಲ್ಲಿ ಬಾಟಲಿಯಲ್ಲಿ ಮಾರಾಟವಾಗುತ್ತಿತ್ತು. ಅಂಗಡಿಯ ಬಾಟಲಿಯ ಹೆಸರಿಗೆ ಯಾರ ಹಕ್ಕೂ ಇರಲಿಲ್ಲ. 1956ರ ‘ಬ್ರೂಮ್‌ಸ್ಟಿಕ್ ಬನ್ನಿ’ಯಿಂದ ವಾರ್ನರ್ ಮನೆಯ ಮಾಟಗಾತಿಯೂ ಫೋರೆಯೇ ಆದರು. ಆಕೆ ಕೇಕೆ ಹಾಕಿ ಚಿಮ್ಮಿ ಹೋದ ಜಾಗದಲ್ಲಿ ತಲೆಯ ಪಿನ್ನುಗಳು ಗಾಳಿಯಲ್ಲೇ ತೂಗುತ್ತ ಉಳಿಯುತ್ತಿದ್ದವು. ಅದಕ್ಕೆ ಒಂದು ವರ್ಷ ಮೊದಲೇ ಟ್ವೀಟಿ ಹಕ್ಕಿಯನ್ನು ಸಾಕಿದ ಅಜ್ಜಿಯ ಪಾತ್ರ ನಟಿ ಬೀ ಬೆನಡೆರೆಟ್ ಅವರಿಂದ ಫೋರೆಯ ಪಾಲಿಗೆ ಬಂದಿತ್ತು. ಆಗ ಆಕೆಗೆ ಮೂವತ್ತೇಳೋ ಮೂವತ್ತೆಂಟೋ. ಅಜ್ಜಿಯ ದನಿ ನಿಜವಾದ ಮುಪ್ಪು ಬರುವವರೆಗೂ ಜೊತೆಗಿತ್ತು.

ಆದರೆ ವಾರ್ನರ್ ವ್ಯಂಗ್ಯಚಿತ್ರಗಳ ಶೀರ್ಷಿಕೆಯಲ್ಲಿ ಕಂಠದ ಸಾಲಿಗೆ ವರ್ಷಾನುಗಟ್ಟಲೆ ಒಂದೇ ಹೆಸರು: ಮೆಲ್ ಬ್ಲಾಂಕ್. ಬಗ್ಸ್ ಬನ್ನಿ, ಡ್ಯಾಫಿ ಡಕ್ ಮೊದಲಾದ ಹಲವು ಪಾತ್ರಗಳ ಆ ಮಹಾ ಕಲಾವಿದ ನಲವತ್ತರ ದಶಕದಲ್ಲಿ ಸಂಬಳ ಹೆಚ್ಚಿಸಿ ಎಂದಾಗ, ಹಣದ ಬದಲು ಪರದೆಯ ಮೇಲೆ ಹೆಸರು ಕೊಟ್ಟು ಸಮಾಧಾನಪಡಿಸಿದರೆಂಬ ಮಾತಿದೆ. ಅದೇ ಚಿತ್ರಗಳಲ್ಲಿ ಅವರ ಎದುರು ಮಾತಾಡಿದ ಹೆಂಗಸರ ಹೆಸರು ಬಹುತೇಕ ಬರಲಿಲ್ಲ. ಫೋರೆ ಹುಟ್ಟುವುದಕ್ಕೆ ಸರಿಯಾಗಿ ಎಂಟುನೂರು ವರ್ಷ ಮೊದಲು, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮೂರ್ತಿಗಳಿಗೆ ತಮ್ಮ ಹೆಸರು ಕೆತ್ತಿದ್ದಾರೆ. ಶಿಲ್ಪಿಯ ಕೈಯಲ್ಲಿ ಉಳಿ ಇರುತ್ತದೆ. ರುಜು ಹಾಕಲು ಯಾರ ಅಪ್ಪಣೆಯೂ ಬೇಕಾಗದು. ಕಂಠಕ್ಕೆ ಆ ಸೌಲಭ್ಯವಿಲ್ಲ. ಅದು ಗಾಳಿಯಲ್ಲಿ ಕೆತ್ತುವ ಕೆಲಸ. ಈ ಅನ್ಯಾಯವನ್ನು ಬಲ್ಲ ಚಕ್ ಜೋನ್ಸ್ ಮುಂದೊಮ್ಮೆ ಲೆಕ್ಕ ತಿರುಗಿಸಿದರು. ಫೋರೆಯನ್ನು ಹೆಣ್ಣು ಮೆಲ್ ಬ್ಲಾಂಕ್ ಎಂದು ಹೊಗಳುವುದು ರೂಢಿಯಾಗಿತ್ತು. ಹಾಗಲ್ಲ, ಬ್ಲಾಂಕ್ ಅವರೇ ಗಂಡು ಜೂನ್ ಫೋರೆ ಎಂದರು ಅವರು.

ಐವತ್ತರ ದಶಕದ ಕೊನೆಗೆ ಚಿತ್ರಮಂದಿರಗಳ ವ್ಯಂಗ್ಯಚಿತ್ರಗಳ ಸುವರ್ಣಯುಗ ಮುಗಿಯುತ್ತ ಬಂದಿತು. ಎಂಜಿಎಂ ಸ್ಟುಡಿಯೊ 1957ರಲ್ಲಿ ತನ್ನ ವ್ಯಂಗ್ಯಚಿತ್ರ ವಿಭಾಗವನ್ನು ಮುಚ್ಚಿತು. 1963ರಲ್ಲಿ ವಾರ್ನರ್ ಸರದಿ. ಮನೆಮನೆಗೆ ಬಂದ ಟೆಲಿವಿಷನ್ ಕಡಿಮೆ ಹಣಕ್ಕೆ ಹೆಚ್ಚು ನಿಮಿಷ ಕೇಳುತ್ತಿತ್ತು. ಏಳು ನಿಮಿಷಕ್ಕೆ ಸಾವಿರಾರು ಚಿತ್ರ ಬರೆಯುವ ಕಾಲ ಹೋಗಿ, ಮೈ ಅಲುಗದೆ ಬಾಯಿ ಮಾತ್ರ ಆಡುವ, ಕಣ್ಣು ಮಾತ್ರ ಮಿಟುಕಿಸುವ ಚಿತ್ರಗಳು ಬಂದವು. ಇದು ಚಿತ್ರ ಬರೆದ ರೇಡಿಯೊ ಎಂದು ಚಕ್ ಜೋನ್ಸ್ ಹಂಗಿಸಿದರು. ಅವರ ಮೂದಲಿಕೆಯಲ್ಲಿ ಸತ್ಯವಿತ್ತು. ಆದರೆ ಅದೇ ಸತ್ಯ ಜೂನ್ ಫೋರೆಯ ಭಾಗ್ಯವೂ ಆಯಿತು. ಚಿತ್ರ ಬಡವಾದಷ್ಟೂ ಕಂಠ ಸಿರಿವಂತವಾಗಬೇಕು. ರೇಡಿಯೊದಲ್ಲಿ ಪಳಗಿದ ಪೀಳಿಗೆಗೆ ಅದು ಹೇಳಿ ಕೊಡಬೇಕಾದ ವಿದ್ಯೆಯಾಗಿರಲಿಲ್ಲ.

ಜೇ ವಾರ್ಡ್ ಎಂಬ ನಿರ್ಮಾಪಕ ಒಂದು ದಿನ ಆಕೆಯನ್ನು ಊಟಕ್ಕೆ ಕರೆದರು. ಹಾರುವ ಅಳಿಲು, ಅದರ ಗೆಳೆಯ ಮಂಕು ಮೂಸ್ ಜಿಂಕೆ, ಇಬ್ಬರೂ ಸೇರಿ ನಡೆಸುವ ಸಾಹಸಗಳು. ಇದು ಅವರ ಯೋಜನೆ. ಕೇಳಿದಾಗ ಹುಚ್ಚಾಟವೆನಿಸಿತು, ಮಾರ್ಟಿನಿಯ ಬಟ್ಟಲುಗಳು ಬರಿದಾಗುತ್ತ ಹೋದಂತೆ ಚೆನ್ನಾಗಿದೆ ಎನಿಸತೊಡಗಿತು ಎಂದು ಫೋರೆ ಮುಂದೆ ನಗುತ್ತ ನೆನೆದಿದ್ದಾರೆ. 1959ರ ನವೆಂಬರ್ 19ರಂದು ಎಬಿಸಿ ವಾಹಿನಿಯಲ್ಲಿ ‘ರಾಕಿ ಆ್ಯಂಡ್ ಹಿಸ್ ಫ್ರೆಂಡ್ಸ್’ ಆರಂಭವಾಯಿತು. ಖರ್ಚು ಉಳಿಸಲು ಚಿತ್ರಗಳನ್ನು ಮೆಕ್ಸಿಕೊದಲ್ಲಿ ಬರೆಸಿದರು. ಅಲ್ಲಿಂದ ಬಂದ ಚಿತ್ರಗಳಲ್ಲಿ ಒಂದು ದೃಶ್ಯದಲ್ಲಿದ್ದ ಮೀಸೆ ಇನ್ನೊಂದರಲ್ಲಿ ಮಾಯವಾದರೂ ಆಶ್ಚರ್ಯವಿರಲಿಲ್ಲ. ಆದರೆ ಬರಹ ಚುರುಕಾಗಿತ್ತು, ದನಿಗಳು ಪ್ರಚಂಡವಾಗಿದ್ದವು. ಬುಲ್‌ವಿಂಕಲ್ ಮೂಸ್ ಆಗಿ ಬಿಲ್ ಸ್ಕಾಟ್, ಖಳ ಬೋರಿಸ್ ಆಗಿ ಪಾಲ್ ಫ್ರೀಸ್, ನಿರೂಪಕರಾಗಿ ವಿಲಿಯಂ ಕಾನ್ರಾಡ್. ಅಳಿಲು ರಾಕಿಯ ಎಳೆಗಂಟಲು ಫೋರೆಯದು. ಅದನ್ನು ಕೊಲ್ಲಲು ಹವಣಿಸುವ ಪಾಟ್ಸಿಲ್ವೇನಿಯ ಎಂಬ ಕಲ್ಪಿತ ದೇಶದ ಗೂಢಚಾರಿಣಿ ನಟಾಶಾಳ ಗಡಸು ಗಂಟಲೂ ಫೋರೆಯದೇ. ಹೀಗೆ ಎಷ್ಟೋ ದೃಶ್ಯಗಳಲ್ಲಿ ಆಕೆ ತನ್ನ ವಿರುದ್ಧ ತಾನೇ ಸಂಚು ಹೂಡಿ, ತನ್ನಿಂದ ತಾನೇ ತಪ್ಪಿಸಿಕೊಂಡರು. ಶೀತಲ ಸಮರದ ಆ ದಿನಗಳಲ್ಲಿ, ದೊಡ್ಡವರು ರಷ್ಯಾ ಎಂದರೆ ಬೆಚ್ಚುತ್ತಿದ್ದಾಗ, ಮಕ್ಕಳು ಆ ಗೂಢಚಾರಿಣಿಯ ಪೂರ್ವ ಯೂರೋಪಿನ ಉಚ್ಚಾರಕ್ಕೆ ನಕ್ಕರು. ಒಡೆಸ್ಸಾದಿಂದ ಬಂದವನ ಮಗಳ ಬಾಯಲ್ಲಿ ಅದು ಬಂತು.

ಸೋಲುಗಳೂ ಇದ್ದವು. ಅದೇ 1959ರಲ್ಲಿ ಹ್ಯಾನಾ–ಬಾರ್ಬೆರಾ ಜೋಡಿ ಶಿಲಾಯುಗದ ಸಂಸಾರದ ಒಂದು ಮಾದರಿ ತುಣುಕು ತಯಾರಿಸಿತು. ಅದರಲ್ಲಿ ನೆರೆಮನೆಯ ಬೆಟ್ಟಿ ಫೋರೆ. ಮರುವರ್ಷ ಅದು ‘ದಿ ಫ್ಲಿಂಟ್‌ಸ್ಟೋನ್ಸ್’ ಆಗಿ ಜಗತ್ಪ್ರಸಿದ್ಧವಾದಾಗ ಆ ಪಾತ್ರ ಬೀ ಬೆನಡೆರೆಟ್ ಅವರದಾಗಿತ್ತು. ಅಜ್ಜಿ ಅಲ್ಲಿಂದ ಇಲ್ಲಿಗೆ ಬಂದಳು, ಬೆಟ್ಟಿ ಇಲ್ಲಿಂದ ಅಲ್ಲಿಗೆ ಹೋದಳು. ಕಸುಬಿನ ಲೆಕ್ಕ ಹಾಗೆ ಚುಕ್ತಾ ಆಯಿತು.

ಇಲ್ಲಿ ಈ ಕಸುಬಿನ ಎರಡು ಕವಲುಗಳನ್ನು ಬೇರ್ಪಡಿಸಿ ಹೇಳಬೇಕು. ವ್ಯಂಗ್ಯಚಿತ್ರದಲ್ಲಿ ದನಿ ಮೊದಲು, ಚಿತ್ರ ಆಮೇಲೆ. ನಟಿ ಖಾಲಿ ಕೋಣೆಯಲ್ಲಿ ಮಾತಾಡಿ ಹೋಗುತ್ತಾಳೆ. ಆ ಮಾತಿನ ಒಂದೊಂದು ಅಕ್ಷರ ಎಷ್ಟು ಹೊತ್ತು ನಿಂತಿತೆಂದು ಅಳೆದು ಚಿತ್ರಕಾರ ಬಾಯಿ ಬರೆಯುತ್ತಾನೆ. ಅಲ್ಲಿ ಕಂಠವೇ ಯಜಮಾನಿ. ಡಬ್ಬಿಂಗ್‌ನಲ್ಲಿ ತಿರುವುಮುರುವು. ಬೇರೊಬ್ಬರ ತುಟಿ ಮೊದಲೇ ಆಡಿ ಮುಗಿಸಿರುತ್ತದೆ. ಅದರ ಅಳತೆಗೆ ತನ್ನ ಉಸಿರು ಕತ್ತರಿಸಬೇಕು. ಆ ದಿನಗಳಲ್ಲಿ ಫಿಲ್ಮಿನ ಒಂದು ತುಂಡನ್ನು ಬಳೆಯಂತೆ ಅಂಟಿಸಿ ಮತ್ತೆ ಮತ್ತೆ ಸುತ್ತಿಸುತ್ತಿದ್ದರು. ಹತ್ತು ಸಲವೋ ಇಪ್ಪತ್ತು ಸಲವೋ, ತುಟಿಗೂ ಮಾತಿಗೂ ಹೊಂದುವವರೆಗೆ ಹೇಳಬೇಕು. ಇದಕ್ಕೆ ಲೂಪಿಂಗ್ ಎನ್ನುತ್ತಿದ್ದರು. ಇಲ್ಲಿ ಕಂಠ ದಾಸಿ. ಫೋರೆ ಎರಡನ್ನೂ ಮಾಡಿದರು.

ದಾಸ್ಯದ ಆ ಕೆಲಸದ ಒಂದು ಉದಾಹರಣೆ ಚರಿತ್ರೆಯಲ್ಲಿ ಉಳಿದಿದೆ. ‘ದಿ ಟ್ವೈಲೈಟ್ ಜೋನ್’ ಮಾಲೆಯ ‘ದಿ ಬಿವಿಚಿನ್ ಪೂಲ್’ ಎಂಬ ಸಂಚಿಕೆಯ ಹೊರಾಂಗಣ ದೃಶ್ಯಗಳಲ್ಲಿ ಗದ್ದಲ ತುಂಬಿ ಮಾತು ಕೆಟ್ಟುಹೋಗಿತ್ತು. ಮುಖ್ಯಪಾತ್ರದ ಹುಡುಗಿ ಮೇರಿ ಬ್ಯಾಡಮ್, ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಚಿತ್ರದಿಂದ ಹೆಸರಾದವಳು, ಅಷ್ಟರಲ್ಲಿ ದೂರದ ಅಲಬಾಮಾದ ತನ್ನ ಮನೆಗೆ ಮರಳಿದ್ದಳು. ಅವಳನ್ನು ಮತ್ತೆ ಕರೆಸುವ ಖರ್ಚು ಹೆಚ್ಚೆನಿಸಿತು. ನಲವತ್ತಾರರ ಜೂನ್ ಫೋರೆ ಆ ಬಾಲಕಿಯ ತುಟಿಗೆ ದನಿಯಾದರು. 1964ರ ಜೂನ್ 19ರಂದು ಅದು ಮೂಲ ಮಾಲೆಯ ಕೊನೆಯ ಸಂಚಿಕೆಯಾಗಿ ಪ್ರಸಾರವಾಯಿತು. ಕಿವಿಗೊಟ್ಟು ಕೇಳಿದರೆ ಇಂದಿಗೂ ತಿಳಿಯುತ್ತದೆ: ಮನೆಯೊಳಗೆ ಹುಡುಗಿಗೆ ದಕ್ಷಿಣದ ಎಳೆದಾಡುವ ಮಾತು, ಹೊರಗೆ ಬಂದ ಕೂಡಲೆ ಬೇರೆಯದೇ ಗಂಟಲು.

ಅದೇ ಮಾಲೆಯಲ್ಲಿ ಅದಕ್ಕೂ ಮುಂಚೆ, 1963ರ ನವೆಂಬರ್ 1ರಂದು, ಇನ್ನೊಂದು ವಿಚಿತ್ರ ನಡೆದಿತ್ತು. ಮ್ಯಾಟೆಲ್ ಕಂಪನಿ ‘ಚ್ಯಾಟಿ ಕ್ಯಾಥಿ’ ಎಂಬ ಮಾತಾಡುವ ಗೊಂಬೆ ಮಾರುತ್ತಿತ್ತು. ಬೆನ್ನಿನ ಉಂಗುರ ಹಿಡಿದು ದಾರ ಎಳೆದರೆ ಒಳಗಿದ್ದ ಪುಟ್ಟ ಧ್ವನಿತಟ್ಟೆ ತಿರುಗಿ ಮುದ್ದು ಮಾತೊಂದು ಹೊರಬರುತ್ತಿತ್ತು. ಮೊದಲ ಗೊಂಬೆಗಿದ್ದದ್ದು ಹನ್ನೊಂದು ಮಾತು, ಎಲ್ಲವೂ ಫೋರೆಯ ದನಿ. ‘ಲಿವಿಂಗ್ ಡಾಲ್’ ಸಂಚಿಕೆಗೆ ಮುದ್ದು ಮಾತಿನಲ್ಲೇ ಕೊಲೆ ಬೆದರಿಕೆ ಹಾಕುವ ಗೊಂಬೆ ಬೇಕಾದಾಗ ಮಾಲೆಯವರು ಆ ಕಂಠದ ಒಡತಿಯನ್ನೇ ಕರೆತಂದರು. ಹಗಲಲ್ಲಿ ಮಕ್ಕಳು ಅಪ್ಪಿಕೊಂಡು ಮಲಗಿಸುತ್ತಿದ್ದ ದನಿಗೆ ಅಂದು ರಾತ್ರಿ ಅಪ್ಪಂದಿರು ಹೆದರಿದರು.

1966ರ ಡಿಸೆಂಬರ್ 18ರಂದು ಸಿಬಿಎಸ್ ವಾಹಿನಿ ‘ಹೌ ದಿ ಗ್ರಿಂಚ್ ಸ್ಟೋಲ್ ಕ್ರಿಸ್‌ಮಸ್’ ಪ್ರಸಾರ ಮಾಡಿತು. ಡಾ. ಸ್ಯೂಸ್ ಬರೆದ ಕತೆ, ಚಕ್ ಜೋನ್ಸ್ ನಿರ್ದೇಶನ, ನಿರೂಪಣೆಗೆ ಬೋರಿಸ್ ಕಾರ್ಲಾಫ್. ಹಬ್ಬ ಕದಿಯಲು ಬಂದ ಗ್ರಿಂಚ್‌ನನ್ನು ನಡುರಾತ್ರಿ ಏಕೆಂದು ಕೇಳುವ ಎರಡು ವರ್ಷದ ಸಿಂಡಿ ಲೂ ಜೂನ್ ಫೋರೆ. ಹಾಡು ಹಾಡಿದವರು ಥರ್ಲ್ ರೇವನ್ಸ್‌ಕ್ರಾಫ್ಟ್. ಇಬ್ಬರ ಹೆಸರೂ ಪರದೆಯ ಮೇಲೆ ಬರಲಿಲ್ಲ. ಗಾಯಕನ ಹೆಸರು ಬಿಟ್ಟುಹೋಗಿದೆಯೆಂದು ಸ್ವತಃ ಸ್ಯೂಸ್ ಪತ್ರಿಕೆಗಳ ಅಂಕಣಕಾರರಿಗೆ ಪತ್ರ ಬರೆದು ತಪ್ಪು ತಿದ್ದಲು ನೋಡಿದರು. ಅಂದಿನಿಂದ ಕ್ರಿಸ್‌ಮಸ್ ಬಂದಾಗಲೆಲ್ಲ ಆ ಪುಟ್ಟ ಪ್ರಶ್ನೆ ಅಮೆರಿಕದ ಮನೆಗಳಲ್ಲಿ ಮರಳಿ ಕೇಳಿಸುತ್ತದೆ.

ಇಲ್ಲಿಗೆ ಜೀವನದ ಪೂರ್ವಾರ್ಧ ಮುಗಿಯಿತೆನ್ನಬಹುದು. ಉತ್ತರಾರ್ಧದಲ್ಲಿ ಜೂನ್ ಫೋರೆ ಕೈಗೊಂಡ ಕೆಲಸ ಮೈಕಿನ ಮುಂದಿನದಲ್ಲ, ಸಭೆಯ ಮೇಜಿನದು. ಆ್ಯನಿಮೇಷನ್ ಕಲಾವಿದರ ಅಂತರರಾಷ್ಟ್ರೀಯ ಸಂಘ ಎಎಸ್‌ಐಎಫ್‌ಎಯ ಹಾಲಿವುಡ್ ಶಾಖೆಯನ್ನು ಕಟ್ಟಿದವರಲ್ಲಿ ಆಕೆ ಒಬ್ಬರು. ಚಲನಚಿತ್ರಕ್ಕೆ ಆಸ್ಕರ್, ಟೆಲಿವಿಷನ್‌ಗೆ ಎಮ್ಮಿ, ಸಂಗೀತಕ್ಕೆ ಗ್ರ್ಯಾಮಿ ಇವೆ, ಈ ಕಲೆಗೇ ಮೀಸಲಾದ ಗೌರವ ಏಕಿಲ್ಲ ಎಂದು ಸಂಘದಲ್ಲಿ ಕೇಳಿದರು. 1972ರಲ್ಲಿ ಮೊದಲ ಔತಣ ಸಮಾರಂಭ ನಡೆಯಿತು. ಗೌರವ ಸಂದದ್ದು ಬೆಟ್ಟಿ ಬೂಪ್ ಮತ್ತು ಪಾಪೈ ಚಿತ್ರಗಳ ಮ್ಯಾಕ್ಸ್ ಹಾಗೂ ಡೇವ್ ಫ್ಲೈಷರ್ ಸೋದರರಿಗೆ. ಪ್ರಶಸ್ತಿಗೆ ‘ಆ್ಯನಿ’ ಎಂಬ ಹೆಸರು ಸೂಚಿಸಿದವರು ಫೋರೆಯ ಪತಿ, ಬರಹಗಾರ ಹೊಬಾರ್ಟ್ ಡೊನಾವನ್. 1976ರಲ್ಲಿ ಅವರು ತೀರಿಕೊಂಡರು. ಅವರಿಟ್ಟ ಹೆಸರು ಇಂದಿಗೂ ಪ್ರತಿ ವರ್ಷ ಕರೆಯಲ್ಪಡುತ್ತದೆ. 1995ರಲ್ಲಿ ಸಂಘ ಜೂನ್ ಫೋರೆ ಹೆಸರಿನಲ್ಲೇ ಪ್ರಶಸ್ತಿ ಸ್ಥಾಪಿಸಿ ಮೊದಲನೆಯದನ್ನು ಆಕೆಗೇ ಕೊಟ್ಟಿತು.

ಆಸ್ಕರ್ ಕೊಡುವ ಅಕಾಡೆಮಿಯ ಆಡಳಿತ ಮಂಡಳಿಯಲ್ಲಿ ಇಪ್ಪತ್ತಾರು ವರ್ಷ ಕುಳಿತರು. ಕಿರುಚಿತ್ರಗಳ ಆಸ್ಕರ್ ತೆಗೆದುಬಿಡೋಣ ಎಂಬ ಮಾತು ಬಂದಾಗ ಅಡ್ಡ ನಿಂತರು. ಪೂರ್ಣಾವಧಿಯ ಆ್ಯನಿಮೇಷನ್ ಚಿತ್ರಕ್ಕೆ ಪ್ರತ್ಯೇಕ ಆಸ್ಕರ್ ಬೇಕೆಂದು ದಶಕಗಟ್ಟಲೆ ಹಟ ಹಿಡಿದರು. 2002ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ಅದನ್ನು ಕೊಟ್ಟಾಗ ‘ಶ್ರೆಕ್’ ಗೆದ್ದಿತು. ತನ್ನ ಹೆಸರು ಪರದೆಯಲ್ಲಿ ಬಾರದ ಕಾಲದಲ್ಲಿ ಆಕೆ ದೂರಿದ್ದಕ್ಕಿಂತ, ಬೇರೆಯವರ ಹೆಸರು ಕರೆಯುವ ವೇದಿಕೆ ಕಟ್ಟಲು ದುಡಿದದ್ದು ಹೆಚ್ಚು.

ಎಂಬತ್ತರ ದಶಕ ಸಂಗಡಿಗರನ್ನು ಒಬ್ಬೊಬ್ಬರಾಗಿ ಒಯ್ದಿತು. 1985ರಲ್ಲಿ ಬಿಲ್ ಸ್ಕಾಟ್, ಮರುವರ್ಷ ಪಾಲ್ ಫ್ರೀಸ್, 1988ರಲ್ಲಿ ಇನ್ನೊಬ್ಬ ಕಂಠದಾನ ಕಲಾವಿದ ಡಾಸ್ ಬಟ್ಲರ್, 1989ರಲ್ಲಿ ಮೆಲ್ ಬ್ಲಾಂಕ್ ಮತ್ತು ಜೇ ವಾರ್ಡ್. ರೇಡಿಯೊದಿಂದ ಬಂದ ಮಹಾಕಂಠಗಳ ದಂಡು ಕರಗಿತು. ಫೋರೆ ನಿಂತರು, ದುಡಿದರು. ಸ್ಮರ್ಫ್‌ಗಳ ನಡುವೆ ಜೋಕಿಯಾದರು; ‘ಗಮ್ಮಿ ಬೇರ್ಸ್’ನಲ್ಲಿ ಗ್ರ್ಯಾಮಿ; 1987ರ ‘ಡಕ್‌ಟೇಲ್ಸ್’ನಲ್ಲಿ ಅಂಕಲ್ ಸ್ಕ್ರೂಜನ ಮೊದಲ ನಾಣ್ಯಕ್ಕೆ ಹೊಂಚುಹಾಕುವ ಮಾಯಾವಿನಿ ಮ್ಯಾಜಿಕಾ. ಈ ಕೊನೆಯದನ್ನು ನಮ್ಮಲ್ಲೂ ಕೋಟ್ಯಂತರ ಮಕ್ಕಳು ತೊಂಬತ್ತರ ದಶಕದ ದೂರದರ್ಶನದಲ್ಲಿ ಹಿಂದಿಯಲ್ಲಿ ನೋಡಿದರು. ಫೋರೆಯ ದನಿಯ ಮೇಲೆ ಅಲ್ಲಿ ಇನ್ನೊಬ್ಬಳ ದನಿ ಕೂತಿತ್ತು. ಆ ಹೆಂಗಸು ಯಾರೆಂದು ಕರ್ನಾಟಕದ ಯಾವ ಮನೆಯಲ್ಲೂ ಯಾರೂ ಕೇಳಿರಲಾರರು. ನಾವೂ ಆ ಹಳೆಯ ಸ್ಟುಡಿಯೊಗಳ ಹಾಗೆಯೇ ನಡೆದುಕೊಂಡೆವು.

1998ರ ‘ಮುಲಾನ್’ ಚಿತ್ರದ ಅಜ್ಜಿ ಫಾ, ಈ ಕಸುಬಿನ ಇತಿಹಾಸದಲ್ಲಿ ಗೌರವದಿಂದ ನೆನೆಯಬೇಕಾದ ಪಾತ್ರ. ಅಜ್ಜಿಯ ಮಾತು ಎಂಬತ್ತರ ಜೂನ್ ಫೋರೆಯದು, ಹಾಡು ಮಾರ್ನಿ ನಿಕ್ಸನ್ ಅವರದು. ನಿಕ್ಸನ್ ಎಂದರೆ ‘ದಿ ಕಿಂಗ್ ಆ್ಯಂಡ್ ಐ’ನಲ್ಲಿ ಡೆಬೊರಾ ಕೆರ್‌ಗೆ, ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್‌ಗೆ, ‘ಮೈ ಫೇರ್ ಲೇಡಿ’ಯಲ್ಲಿ ಆಡ್ರಿ ಹೆಪ್‌ಬರ್ನ್‌ಗೆ ಹೆಸರಿಲ್ಲದೆ ಹಾಡಿದವರು. ತಾರೆಯರ ಮುಖದ ಹಿಂದೆ, ಚಿತ್ರದ ಬಣ್ಣದ ಹಿಂದೆ ಬದುಕು ಸವೆಸಿದ ಇಬ್ಬರು ಹೆಂಗಸರು ಒಬ್ಬಳೇ ಅಜ್ಜಿಯಾಗಿ ಕೂಡಿದರು. ಈ ಬಾರಿ ಚಿತ್ರದ ಕೊನೆಯ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು.

2000ದ ಜುಲೈನಲ್ಲಿ ಹಾಲಿವುಡ್ ಬುಲೆವಾರ್ಡ್‌ನ ಕಾಲುದಾರಿಯಲ್ಲಿ ಆಕೆಯ ಹೆಸರಿನ ನಕ್ಷತ್ರ ಕೂರಿಸಿದರು. ಹಾರುವ ಅಳಿಲಿನ ಕತೆ ಆ ವರ್ಷ ದೊಡ್ಡ ಚಿತ್ರವಾಯಿತು. ಮೂಸ್‌ಗೆ ಹೊಸ ಕಂಠ ಹುಡುಕಬೇಕಾಯಿತು, ಅಳಿಲಿಗೆ ಬೇಕಾಗಲಿಲ್ಲ. 2014ರಲ್ಲಿ, ತೊಂಬತ್ತಾರರಲ್ಲಿ, ಮತ್ತೊಂದು ಕಿರುಚಿತ್ರಕ್ಕೆ ಅದೇ ಅಳಿಲಾಗಿ ಮಾತಾಡಿದರು. 2017ರ ಜುಲೈ 26ರಂದು ಲಾಸ್ ಏಂಜಲೀಸಿನಲ್ಲಿ ಆ ಉಸಿರು ನಿಂತಿತು. ನೂರು ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ.

ಆದರೆ ಈ ಕಥನ ಮುಗಿಯಬೇಕಾದ ಜಾಗ ಅದಲ್ಲ. ಅದಕ್ಕೆ ಐದು ವರ್ಷ ಹಿಂದೆ, 2012ರ ಜೂನ್‌ನಲ್ಲಿ, ಹಗಲಿನ ಟೆಲಿವಿಷನ್ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿಗಳನ್ನು ಘೋಷಿಸಿದರು. ಆ್ಯನಿಮೇಷನ್‌ನಲ್ಲಿ ಅತ್ಯುತ್ತಮ ಅಭಿನಯದ ವಿಭಾಗದಲ್ಲಿ ‘ದಿ ಗಾರ್‌ಫೀಲ್ಡ್ ಶೋ’ ಮಾಲೆಯ ಮಿಸೆಸ್ ಕಾಲ್ಡ್ರನ್ ಪಾತ್ರ ಗೆದ್ದಿತು. ಅದು ಕರುಣೆಯಿಂದ ಕೊಟ್ಟ ಜೀವಮಾನದ ಗೌರವವಲ್ಲ. ಮಕ್ಕಳು ಮೊಮ್ಮಕ್ಕಳ ವಯಸ್ಸಿನ ಕಲಾವಿದರ ಜೊತೆ ಸ್ಪರ್ಧಿಸಿ ಗೆದ್ದದ್ದು. ಮಿಸೆಸ್ ಕಾಲ್ಡ್ರನ್ ಒಬ್ಬಳು ಮಾಟಗಾತಿ. ಡೊನಾಲ್ಡ್ ಡಕ್‌ನ ಮುಂದೆ ಮೊದಲ ಮಾಟಗಾತಿ ಕೇಕೆ ಹಾಕಿ ಹತ್ತಿರ ಹತ್ತಿರ ಅರವತ್ತು ವರ್ಷವಾಗಿತ್ತು. ಅದೇ ಗಂಟಲು, ಅದೇ ಕೇಕೆ. ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಆ ಕೇಕೆಯ ಹಿಂದಿದ್ದವರ ಹೆಸರನ್ನು ವೇದಿಕೆಯಿಂದ ಗಟ್ಟಿಯಾಗಿ ಕೂಗಿದರು: ಜೂನ್ ಫೋರೆ.